ಹೊಟ್ಟೆ ತುಂಬಿದ ಕೌದಿ

ಮೇ ತಿಂಗಳ ನಾಗಪುರದಲ್ಲಿ ತೊಡೆಯ ಮೇಲೆ ಕೌದಿ ಹರಡಿಕೊಂಡು ಹೊಲಿಯಲು ಬೆಳಗಿನ ಮೂರೇ ತಾಸು ಸಿಗುತ್ತವೆ. ಐದು ಗಂಟೆಗೆ ನೀಲಾಂಬಿಕಾ ನೆಲಕ್ಕೆ ನೀರು ಚಿಮುಕಿಸಿ ಒರೆಸುತ್ತಾರೆ, ಹಳೆಯ ಸೀರೆ ಹಾಸುತ್ತಾರೆ. ಅದು ಸರಿಯದಂತೆ ಒಂದು ಮೂಲೆಗೆ ರೊಟ್ಟಿಯ ಹೆಂಚು, ಇನ್ನೊಂದಕ್ಕೆ ಕುಟ್ಟುವ ಕಲ್ಲು, ಉಳಿದೆರಡಕ್ಕೆ ಮಗಳು ಗೌತಮಿಯ ಕಾಲೇಜು ಪುಸ್ತಕಗಳು. ಎಂಟಕ್ಕೆ ತಗಡಿನ ಸೂರು ಕಾಯುತ್ತದೆ, ಬೆವರಿಗೆ ಸೂಜಿ ಜಾರುತ್ತದೆ. ಆಮೇಲೆ ಸಂಜೆಯೇ.

ಇದು ಹತ್ತನೆಯ ಕೌದಿ. ಒಟ್ಟು ಇಪ್ಪತ್ನಾಲ್ಕು ಆಗಬೇಕು, ಮುಂದಿನ ಚಳಿ ಬರುವುದರೊಳಗೆ. ಉಮರೇಡ್‌ನ ಒಂದು ಹೆಣ್ಣುಮಕ್ಕಳ ವಸತಿನಿಲಯಕ್ಕೆ. ಅಲ್ಲಿಯ ಹುಡುಗಿಯರ ಹರಿದ ಸಮವಸ್ತ್ರಗಳೇ ಮೂಟೆ ಕಟ್ಟಿಕೊಂಡು ಇಲ್ಲಿಗೆ ಬರುತ್ತವೆ. ನೀಲಿ ಲಂಗ, ಬಿಳಿ ಅಂಗಿ. ಅಂಗಿಯ ಜೇಬನ್ನು ಅವರು ಬಿಚ್ಚುವುದಿಲ್ಲ, ಹಾಗೇ ಕೌದಿಗೆ ಹೊಲಿಯುತ್ತಾರೆ. "ರಾತ್ರಿ ಕ್ಲಿಪ್ಪು, ಪೆನ್ನು ಎಲ್ಲಿ ಇಡತಾರ್ರಿ ಹುಡುಗ್ಯಾರು? ಬಾಜೂಕ ಇರಲಿ" ಎನ್ನುತ್ತಾರೆ.

ಗಜೇಂದ್ರಗಡದ ಕಡೆಯ ಈ ಹೆಂಗಸು ನಾಗಪುರಕ್ಕೆ ಬಂದದ್ದು ಎಪ್ಪತ್ತೊಂಬತ್ತರಲ್ಲಿ, ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಜವಾನರಾದ ರುದ್ರಪ್ಪನವರ ಕೈ ಹಿಡಿದು. ಈಗ ಎರಡು ಸಾವಿರದ ಇಸವಿ, ಈ ಇಪ್ಪತ್ತೊಂದು ವರ್ಷದಲ್ಲಿ ಮನೆಯ ಒಂದು ಬಟ್ಟೆಯೂ ಕಸಕ್ಕೆ ಹೋಗಿಲ್ಲ. ಗಂಡನ ಪ್ಯಾಂಟು ಮಗಳ ಚೀಲವಾಗಿದೆ, ಸೀರೆಯ ಅಂಚು ಕೂಲರಿನ ಮುಸುಕಿಗೆ ಕೂತಿದೆ. ಸಾಲದ್ದಕ್ಕೆ ಗಾಂಧಿಬಾಗ್‌ನ ದರ್ಜಿಗಳು ಎಸೆಯುವ ಚಿಂದಿಯನ್ನೂ ತರುತ್ತಾರೆ. ದಿನಕ್ಕೆ ಐದು ತಾಸು ಕೂತರೆ ಒಂದು ಕೌದಿಗೆ ಹದಿನಾಲ್ಕು ದಿನ. ನಾಲ್ಕು ಪದರ, ಒಂದು ಸಾಲಿನಿಂದ ಇನ್ನೊಂದಕ್ಕೆ ಬೆರಳಿನಷ್ಟೇ ಅಂತರ. ಬಲಗೈಯ ತೋರುಬೆರಳಿನ ತುದಿ ಮರಗಟ್ಟಿ ಹೋಗಿದೆ. ಬಿಸಿ ಪಾತ್ರೆ ಮುಟ್ಟಿದರೂ ತಿಳಿಯುವುದಿಲ್ಲವಂತೆ.

ಈ ಕೆಲಸ ಕಳೆದ ನವೆಂಬರ್‌ನಲ್ಲಿ ಕೈತಪ್ಪುವುದರಲ್ಲಿತ್ತು.

ತಪ್ಪು ಅವರದೇ. ಅವರ ಊರಿನ ಕಡೆ ಕೌದಿಯ ಕೊನೆಯ ಮೂಲೆಯನ್ನು ಹಾಗೇ ಮುಚ್ಚುವುದಿಲ್ಲ. ಒಳಗೆ ಒಂದು ಚೂರು ರೊಟ್ಟಿ ಇಟ್ಟು ಹೊಲಿಯುತ್ತಾರೆ. ಕೌದಿಯ ಹೊಟ್ಟೆ ಖಾಲಿ ಇದ್ದರೆ ಹೊದ್ದವರ ಹೊಟ್ಟೆಯೂ ಖಾಲಿ ಎಂಬ ನಂಬಿಕೆ. ವಸತಿನಿಲಯಕ್ಕೆ ಮಾದರಿಯಾಗಿ ಕೊಟ್ಟ ಮೊದಲ ಕೌದಿಯಲ್ಲೂ ನೀಲಾಂಬಿಕಾ ಜೋಳದ ರೊಟ್ಟಿಯ ಚೂರು ಇಟ್ಟಿದ್ದರು. ಮನೆಯಲ್ಲಾದರೆ ಕೌದಿ ಆ ರಾತ್ರಿಯಿಂದಲೇ ಮೈಮೇಲಿರುತ್ತದೆ. ಅಲ್ಲಿ ಅದು ಹದಿನೈದು ದಿನ ಉಗ್ರಾಣದ ಕಪಾಟಿನ ಕೆಳಗಿತ್ತು.

ವಾರ್ಡನ್ ಚಂಪಾತಾಯಿ ಅದನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದರು. "ಬಾಯಿ, ತುಮ್ಚಿ ಗೋಧಡಿ ಉಂದ್ರಾಂನಿ ಖಾಲ್ಲಿ!" ನಿಮ್ಮ ಕೌದಿ ಇಲಿಗಳ ಪಾಲಾಯಿತು ಎಂದು ಮರಾಠಿಯಲ್ಲಿ ಹೇಳಿ ಕಡಿದ ಮೂಲೆ ತೋರಿಸಿದರು. ಹತ್ತು ದಿನದಲ್ಲಿ ಸರಿಪಡಿಸದಿದ್ದರೆ ಅಂಗಡಿಯ ಕಂಬಳಿ ತರಿಸುವುದಾಗಿಯೂ ಹೇಳಿದರು.

ರುದ್ರಪ್ಪನವರಿಗೆ ನಗು. "ನಾಗಪುರದ ಇಲಿಗೂ ನಮ್ಮ ಜ್ವಾಳದ ರೊಟ್ಟಿ ರುಚಿ ಹತ್ತೇತಿ ನೋಡು."

ಗೌತಮಿಗೆ ಸಿಟ್ಟು. "ಅವ್ವಾ, ಇದೆಲ್ಲ ಅಂಧಶ್ರದ್ಧಾ ಐತಿ. ಸೋಡ್ ನಾ, ಬಿಟ್ಟಬಿಡು! ಬರೇ ಹೊಲದು ಕೊಡು, ಯಾರಿಗೆ ಗೊತ್ತಾಗತೈತಿ?"

"ನನಗ ಗೊತ್ತಾಗತೈತಿ" ಎಂದರಂತೆ ತಾಯಿ. "ನಮ್ಮವ್ವ ಬರಿಹೊಟ್ಟೀದು ಒಂದೂ ಮುಚ್ಚಿಲ್ಲ."

ಮೂರು ದಿನ ಅವರು ಸೂಜಿ ಮುಟ್ಟಲಿಲ್ಲ. ರೊಟ್ಟಿ ಇಟ್ಟರೆ ಕೆಲಸ ಹೋಗುತ್ತದೆ, ಬಿಟ್ಟರೆ ಅದು ಕೌದಿಯೇ ಅಲ್ಲ. ನಾಲ್ಕನೆಯ ದಿನ ಟ್ರಂಕಿನಿಂದ ತಮ್ಮ ಮದುವೆಯ ಇಳಕಲ್ ಸೀರೆ ತೆಗೆದರು. ಅದರ ಮೈ ಪಿಸಿದಿತ್ತು, ಸೆರಗು ಗಟ್ಟಿಯಿತ್ತು. ಸೆರಗಿನಿಂದ ಅಂಗೈಯಗಲದ ಒಂದು ದುಂಡನೆಯ ತುಂಡು ಕತ್ತರಿಸಿದರು. ಇಲಿ ಕಡಿದ ಮೂಲೆ ಬಿಚ್ಚಿ, ಒಗೆದು, ತೇಪೆ ಹಾಕಿ, ಒಳಗೆ ಆ ಬಟ್ಟೆಯ ರೊಟ್ಟಿ ಇಟ್ಟು ಮುಚ್ಚಿದರು. ಚಂಪಾತಾಯಿಗೆ ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿದರು. ಆಕೆ ಮೂಲೆ ಹಿಚುಕಿ ನೋಡಿ, ಒಯ್ದು, ಅದೇ ಉಗ್ರಾಣದಲ್ಲಿ ಅದೇ ಕಪಾಟಿನ ಕೆಳಗೆ ಒಂದು ವಾರ ಇಟ್ಟರು. ಇಲಿ ಮೂಸಲಿಲ್ಲ. ಡಿಸೆಂಬರ್‌ನಲ್ಲಿ ಮೊದಲ ಮೂಟೆ ಬಂತು, ಜೊತೆಗೆ ಒಂದು ಚೀಟಿ: "ರೊಟ್ಟಿ ಸಮೇತ ಇಪ್ಪತ್ನಾಲ್ಕು."

ಇಳಕಲ್ ಸೆರಗಿನ ಮೂರರಲ್ಲೊಂದು ಪಾಲು ಈಗಾಗಲೇ ಮುಗಿದಿದೆ. ಇಪ್ಪತ್ನಾಲ್ಕಕ್ಕೂ ಸಾಲುತ್ತದೆಯೇ? ಅಳೆದು ನೋಡಿದ್ದಾರೆ. "ಬರೋಬರ್ ಆಗತೈತ್ರಿ. ಕಡಿಮಿ ಬಿದ್ರ ರೊಟ್ಟಿ ಸಣ್ಣದು ಮಾಡೂದು. ಬಡವರ ಮನ್ಯಾಗ ಹಂಗ ಅಲ್ಲೇನ್ರಿ?"

ಎಂಟಾಗುತ್ತಾ ಬಂದಿದೆ. ಹತ್ತನೆಯ ಕೌದಿಗೆ ಕೊನೆಯ ಮೂಲೆಯೊಂದೇ ಬಾಕಿ. ಸೋಡ್ ನಾ ಎಂದಿದ್ದ ಗೌತಮಿ ಕತ್ತರಿ ಹಿಡಿದು ಪಕ್ಕದಲ್ಲಿ ಕೂತಿದ್ದಾಳೆ. ಸೆರಗಿನ ಮೇಲೆ ಬಟ್ಟಲು ಬೋರಲು ಹಾಕಿ ಗೆರೆ ಎಳೆಯುತ್ತಾಳೆ. "ದುಂಡಗ ಬರಲಿ. ನಿನ್ನ ರೊಟ್ಟಿ ಯಾವತ್ತೂ ಗೋವಾ ನಕಾಶಿ ಆಗತೈತಿ" ಎಂದು ತಾಯಿ ರೇಗಿಸುತ್ತಾರೆ. ಮಗಳು ತುಟಿ ಕಚ್ಚಿಕೊಂಡು ಕತ್ತರಿಸುತ್ತಾಳೆ. ಈ ಸಲ ದುಂಡಗೇ ಬಂದಿದೆ.

ಆಸೆ ಏನಾದರೂ ಇದೆಯೇ ಎಂದರೆ ನೀಲಾಂಬಿಕಾ ದಾರ ಹಲ್ಲಿನಿಂದ ಕಡಿದು ಯೋಚಿಸುತ್ತಾರೆ. ಚಳಿಗಾಲದಲ್ಲಿ ಒಮ್ಮೆ ಉಮರೇಡ್‌ಗೆ ಹೋಗಿ, ಹುಡುಗಿಯರು ಹೊದ್ದು ಮಲಗಿದ್ದನ್ನು ನೋಡಬೇಕಂತೆ. ಆಮೇಲೆ ವಾರ್ಡನ್‌ಗೊಂದು ಮಾತು ಹೇಳಬೇಕಂತೆ.

"ಕೌದಿ ಹೊಟ್ಟಿ ನಾ ತುಂಬ್ಸೀನಿ, ತಾಯಿ. ಹುಡುಗ್ಯಾರದು ನೀವು ನೋಡ್ಕೋರಿ."