ನಡೆದು ಬಂದ ಮೇಲಿನ ರೊಟ್ಟಿ

ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ನನಗಿಂತ ಮೊದಲು ತೆಳ್ಳಗಾದಳು. ನಡೆಯಲು ಶುರು ಮಾಡಿದ್ದು ಇಬ್ಬರೂ ಒಂದೇ ದಿನ, ಒಂದೇ ರಸ್ತೆಯಲ್ಲಿ. ಜಮಖಂಡಿಯಿಂದ ಮುಧೋಳದ ಕಡೆಗೆ. ಕಬ್ಬಿನ ಟ್ರ್ಯಾಕ್ಟರು ಬಂದರೆ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದುದೂ ಒಟ್ಟಿಗೇ. ಕ್ಯಾಲರಿ ಎಷ್ಟು ಸುಟ್ಟಿತೆಂದು ತೋರಿಸುವ ಗಡಿಯಾರ ಮಾತ್ರ ನನ್ನ ಕೈಯಲ್ಲಿತ್ತು. ನಮ್ಮ ಮನೆಯವರು ಕೊಡಿಸಿದ್ದು.

"ಅಕ್ಕಾರ, ಇವತ್ತ ಎಷ್ಟ ಸುಟ್ಟೀವ್ರಿ?" ಎಂದು ಮನೆ ಹತ್ತಿರ ಬಂದಾಗ ಕೇಳುತ್ತಿದ್ದಳು. ನಾನು ನೋಡಿ ಹೇಳುತ್ತಿದ್ದೆ.

"ಹಂಗಾರ ಒಂದ ರೊಟ್ಟಿಗೆ ಅಡ್ಡಿ ಇಲ್ಲ ಬಿಡ್ರಿ."

ಸೀದಾ ಅಡುಗೆಮನೆಗೆ ಹೋಗಿ ಅತ್ತೆಯ ಪಕ್ಕ ಕೂತುಬಿಡುವಳು. ಹಂಚಿನಿಂದ ಇಳಿದ ಬಿಸಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ನಾನು ಸಕ್ಕರೆ ಇಲ್ಲದ ಚಹಾ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದೆ.

"ಸುಟ್ಟಿದ್ದನ್ನ ತಿರುಗಿ ತಿಂದ್ರ ನಡದದ್ದರೆ ಎದಕ್ಕ?" ಎಂದೆ ಒಮ್ಮೆ.

"ಹಸಿವಿ ಆಕ್ಕೈತ್ರಿ ಅಕ್ಕಾರ," ಎಂದಳು, ಅಷ್ಟೇ.

ಅತ್ತೆ ನನ್ನ ಕಡೆ ತಿರುಗಿ, "ನೀನೂ ಒಂದ ತುಣಕ ತಿನ್ನವಾ. ಬರೇ ಹೊಟ್ಟೀಲೆ ಸಾಲಿಗೆ ಹೊಕ್ಕೀಯಲ್ಲ," ಎಂದರು. ನಾನು ಬೇಡವೆಂದೆ. ನಾಲ್ಕಾರು ಸಲ ಹಾಗೇ ಆದ ಮೇಲೆ ಅವರು ಕೇಳುವುದನ್ನೇ ಬಿಟ್ಟರು. ಬೆಳಗಿನ ಅಡುಗೆಮನೆಯ ನಗು, ಓಣಿಯ ಸುದ್ದಿ, ಎಲ್ಲ ಅವರಿಬ್ಬರದೇ ಆಯಿತು. ಒಳಗೆ ಏನೋ ಮಾತಾಡಿ ನಕ್ಕರೆ ನನ್ನ ಬಗ್ಗೆಯೇ ಇರಬೇಕೆಂದು ಅನ್ನಿಸುತ್ತಿತ್ತು.

ನಾನು ಸಾವಳಗಿಯ ಶಾಲೆಯಲ್ಲಿ ಶಿಕ್ಷಕಿ. ಬಸ್ಸಿಳಿದು ಎರಡು ತರಗತಿ ಮುಗಿಸುವಷ್ಟರಲ್ಲಿ ಕೈಕಾಲು ನಡುಗುತ್ತಿದ್ದವು. ಶಿಕ್ಷಕರ ಕೋಣೆಯಲ್ಲಿ ಯಾರೋ ತಂದ ಚುರಮುರಿ, ಯಾರದೋ ಮನೆಯ ಪೇಢೆ ಇದ್ದೇ ಇರುತ್ತಿತ್ತು. ಅವೇನೂ ಊಟವಲ್ಲ, ಹಾಗಾಗಿ ತಿಂದಂತೆ ಅಲ್ಲ ಎಂದು ನನ್ನ ನಂಬಿಕೆ. ಮನೆಯ ತೂಕದ ಯಂತ್ರದ ಮುಳ್ಳು ಮಾತ್ರ ನನ್ನ ಪಾಲಿಗೆ ಕೆಳಗಿಳಿಯಲಿಲ್ಲ. ನೆಗೆಣ್ಣಿಯ ಬಳೆಗಳು ಮೊಣಕೈ ತನಕ ಜಾರತೊಡಗಿದವು. ಬೆಳಿಗ್ಗೆ ರೊಟ್ಟಿ ಬಡಿಯುವ ಸದ್ದು ಕೇಳಿದರೇ ನನಗೆ ಮೈ ಉರಿಯುತ್ತಿತ್ತು.

ಬನಹಟ್ಟಿಯಲ್ಲಿ ಸಂಬಂಧಿಕರ ಮನೆಯ ಬಸುರಿಯ ಕುಬಸಕ್ಕೆ ಹೋದೆವು. ಹೆಂಗಸರೆಲ್ಲ ನೆಗೆಣ್ಣಿಯನ್ನು ಸುತ್ತುವರಿದರು. "ಏನ್ ತೆಳ್ಳಗಾಗೀ ಬೇ!" ಎಂದು ಗದ್ದ ಹಿಡಿದು ನೋಡಿದರು. ಒಬ್ಬಾಕೆ ನನ್ನತ್ತ ತಿರುಗಿ, "ನೀವು ಆಕಿ ಜೋಡಿ ನಡಿಯಾಕ ಹೋಗೂದಿಲ್ಲೇನ್ರಿ?" ಎಂದು ಕೇಳಿದಳು. ನಾನು ನಕ್ಕೆ. ಊಟಕ್ಕೆ ಕೂತಾಗ ಹೋಳಿಗೆ ಬೇಡವೆಂದೆ. ಅವಳು ನನ್ನೆದುರಿಗೇ ತುಪ್ಪ ಹಾಕಿಸಿಕೊಂಡು ತಿಂದಳು. ಇವಳು ಮತ್ತೆ ದಪ್ಪಗಾಗಲಿ ಎಂದು ಆ ಹೊತ್ತಿನಲ್ಲಿ ಖರೇ ಮನಸ್ಸಿನಿಂದ ಬೇಡಿಕೊಂಡೆ.

ಮರುದಿನ ಅವಳನ್ನು ಹಿಂದೆ ಬಿಟ್ಟು ಜೋರಾಗಿ ನಡೆದೆ. ಹಿಂದಿನ ರಾತ್ರಿಯೂ ಉಂಡಿರಲಿಲ್ಲ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಣ್ಣು ಕತ್ತಲಿಟ್ಟಿತು. ರಸ್ತೆ ಬದಿಯ ಸಣ್ಣ ಸೇತುವೆಯ ಕಟ್ಟೆ ಹಿಡಿದು ಕೂತುಬಿಟ್ಟೆ. ಅವಳು ಓಡಿ ಬಂದು, ಆಟೋ ನಿಲ್ಲಿಸಿ, ಮನೆಗೆ ಕರೆತಂದಳು. ಅತ್ತೆ ನನ್ನ ತಟ್ಟೆಗೆ ರೊಟ್ಟಿ ಹಾಕಿದರು.

"ನಾ ಮುಂಜಾನೆ ತಿನ್ನಲಿಲ್ಲಂದ್ರ ಮಧ್ಯಾಹ್ನ ಚಕ್ಕುಲಿ ಡಬ್ಬಿನ ಖಾಲಿ ಮಾಡ್ತೀನ್ರಿ," ಎಂದಳು ನೆಗೆಣ್ಣಿ. "ಅದಕ್ಕ ಒಂದ ರೊಟ್ಟಿ. ಗಡಿಯಾರ ಹೇಳಿದಷ್ಟೂ ತಿಂದ್ರ ನಾನೂ ಇಳೀತಿದ್ದಿಲ್ಲ."

ನನಗೆ ಪೇಢೆ ನೆನಪಾಯಿತು. ತಟ್ಟೆಯಲ್ಲಿದ್ದ ರೊಟ್ಟಿ ಮುರಿದುಕೊಂಡೆ. ಅಂದಿನಿಂದ ನಡೆದು ಬಂದ ಮೇಲೆ ನಾನೂ ಒಂದು ರೊಟ್ಟಿ ತಿನ್ನತೊಡಗಿದೆ. ಶಾಲೆಯಲ್ಲಿ ಕೈ ನಡುಗುವುದು ನಿಂತಿತು, ಪೇಢೆಯ ಆಸೆಯೂ ಕಡಿಮೆಯಾಯಿತು.

ಆಮೇಲೆ ಅವಳು ತವರಿಗೆ, ಚಿಮ್ಮಡಕ್ಕೆ ಹೋಗಿ ತಿಂಗಳ ಮೇಲೆ ಉಳಿದಳು. ಆ ಹೊತ್ತಿನಲ್ಲೇ ನನ್ನ ತೂಕ ಇಳಿಯತೊಡಗಿತು. ಅವಳು ನೋಡಲು ಇಲ್ಲವಲ್ಲ ಎಂದು ನನಗೆ ಚಡಪಡಿಕೆ. ತಿರುಗಿ ಬಂದಾಗ ಮೊದಲು ನೋಡಿದ್ದು ಅವಳ ಮುಖವನ್ನೇ: ತಾಯಿಯ ಕೈಯೂಟಕ್ಕೆ ಗಲ್ಲಗಳು ತುಂಬಿಕೊಂಡಿದ್ದವು. ನನಗಾದ ಸಂತೋಷ ಸಣ್ಣದಲ್ಲ.

ಅವಳು ಚೀಲ ಇಳಿಸಿದವಳೇ, "ಅಯ್ಯ, ಎಷ್ಟ ಛಲೋ ಕಾಣಾಕತ್ತೀರಿ ಅಕ್ಕಾರ! ಅತ್ತಿ, ಇಲ್ಲಿ ಬಂದು ನೋಡ್ರಿ!" ಎಂದು ಕೂಗಿದಳು.

ಇಷ್ಟು ದಿನ ನನ್ನೊಳಗೆ ಉರಿದದ್ದರ ಒಂದು ಕಿಡಿಯಾದರೂ ಅವಳ ಕಣ್ಣಲ್ಲಿದೆಯೇ ಎಂದು ಹುಡುಕಿದೆ. ಇರಲಿಲ್ಲ. ಅದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು.