ಎರಡು ಕಣ್ಣು, ಒಂದು ಟಗರು

ಒಂದು ಕಣ್ಣು ಮುಚ್ಚಿಕೊಂಡು ಕೊಡದಿಂದ ತಂಬಿಗೆಗೆ ನೀರು ಸುರಿದು ನೋಡಿ. ನಾನು ಸುರಿದು ನೋಡಿದಾಗ ತಂಬಿಗೆಗಿಂತ ನನ್ನ ಖಾದಿ ಧೋತರವೇ ಹೆಚ್ಚು ನೀರು ಕುಡಿಯಿತು. ಅಂದಿನಿಂದ ನನಗೆ ಕಣ್ಣುಗಳಲ್ಲಿ ಭಕ್ತಿ. ಉಳಿದ ದೇವರುಗಳೊಡನೆ ನನ್ನ ಜಗಳ ಇನ್ನೂ ಮುಗಿದಿಲ್ಲ.

ಈ ಪ್ರಯೋಗಕ್ಕೆ ಕಾರಣಳಾದವಳು ಕಾಶವ್ವ. ದೇಶ ಹೊಸದಾಗಿ ಸ್ವತಂತ್ರವಾಗಿದ್ದ ಕಾಲದಲ್ಲಿ ನಾನು ಮಾಡಗ್ಯಾಳದ ಶಾಲೆಯ ಮಾಸ್ತರನಾಗಿದ್ದೆ. ಅವಳು ಅಲ್ಲಿಯ ಕುರಿಗಾರರ ಮನೆಯ ಪುಟ್ಟ ಹುಡುಗಿ. ಅವಳ ಎಡಗಣ್ಣು ಮೂಗಿನತ್ತ ವಾಲಿತ್ತು. ಮೆಳ್ಳೆಗಣ್ಣು ಲಕ್ಷ್ಮಿಯ ಗುರುತೆಂದು ನಂಬಿದ್ದ ಅಜ್ಜಿ ಹೊನ್ನವ್ವ, ಉಣ್ಣೆ ಕತ್ತರಿಸುವ ದಿನ ಹಿಂಡನ್ನು ಮೊದಲು ಅವಳಿಂದಲೇ ನೋಡಿಸುತ್ತಿದ್ದಳು. ಅದೇ ಕಣ್ಣು ನಾಳೆ ವರನ ಕಡೆಯವರಿಗೆ ಅಪಶಕುನ! ಕುರಿಗೆ ಶುಭ, ವರನಿಗೆ ಅಶುಭ. ಹುಡುಗಿಗೆ ಏನೆಂದು ಕೇಳಿದವರೇ ಇಲ್ಲ. ಇದು ಅನ್ಯಾಯವೆಂದು ಕಟ್ಟೆಯ ಮೇಲೆ ನಿಂತು ಭಾಷಣ ಮಾಡಿದೆ. ಕೇಳಿದವು ಹೆಚ್ಚಾಗಿ ಕುರಿಗಳು.

ಕಾಶವ್ವನನ್ನು ಕರೆದೊಯ್ದು ತೋರಿಸಿದಾಗ ಮಿರಜದ ಡಾಕ್ಟರರು ಎಚ್ಚರಿಸಿದರು: ವಾಲಿದ ಕಣ್ಣಿನ ಮಾತನ್ನು ಮಿದುಳು ಕೇಳುವುದನ್ನೇ ಬಿಡುತ್ತಿದೆ, ವಯಸ್ಸು ಮೀರಿದರೆ ಆ ಕಣ್ಣು ಇದ್ದೂ ಇಲ್ಲದಂತೆ. ಕನ್ನಡಕ ಕೊಟ್ಟು, ನೆಟ್ಟಗಿರುವ ಕಣ್ಣಿಗೆ ದಿನವೂ ಕೆಲಹೊತ್ತು ಪಟ್ಟಿ ಕಟ್ಟಬೇಕೆಂದರು.

ಹೊನ್ನವ್ವ ಸಿಡಿದಳು. “ಚಲೋ ಕಣ್ಣು ಕಟ್ಟೂದು, ಸೊಟ್ಟ ಕಣ್ಣು ಬಿಡೂದು! ಇದ್ಯಾವ ಊರ ಶಾಣ್ಯಾತನರಿ ಮಾಸ್ತರ?”

“ಆಯಿ, ದುಡಿಯೋ ಎತ್ತಿಗೇ ದಿನಾ ನೊಗಾ ಹೇರಿದ್ರ, ಕುಂತ ಎತ್ತು ಉಳೂದು ಯಾವಾಗ ಕಲೀಬೇಕು?”

“ಆತು. ಲಕ್ಷ್ಮಿ ಹೊಂಟ್ಹೋದ್ರ ಈ ಕುರಿ ಎಲ್ಲಾ ನಿಮ್ಮ ಬಾಗಲಕ್ಕ ತಂದು ಕಟ್ಟತೀನಿ. ನೀವ ಸಾಕ್ರಿ!”

ಕುರಿಯ ಕಣ್ಣುಗಳು ತಲೆಯ ಎರಡೂ ಪಕ್ಕಗಳಲ್ಲಿವೆ. ಹಿಂದಿನಿಂದ ಬರುವ ತೋಳವೂ ಅದಕ್ಕೆ ಕಾಣುತ್ತದೆ. ನಮ್ಮವು ಎರಡೂ ಮುಂದಿದ್ದು ಒಂದೇ ವಸ್ತುವಿನತ್ತ ತಿರುಗುತ್ತವೆ. ಆದರೂ ನಡುವೆ ಮೂಗಿನಷ್ಟು ಅಂತರವಿರುವುದರಿಂದ ಎರಡೂ ತುಸು ಬೇರೆ ಬೇರೆ ಚಿತ್ರಗಳನ್ನು ಒಳಗೆ ಕಳಿಸುತ್ತವೆ. ತಲೆಬುರುಡೆಯ ಕತ್ತಲೆಯಲ್ಲಿ ಆ ಚಪ್ಪಟೆ ಚಿತ್ರಗಳು ಕೂಡಿ, ಎರಡರಲ್ಲೂ ಇಲ್ಲದ ಆಳವೊಂದು ಹುಟ್ಟುತ್ತದೆ. ರೆಪ್ಪೆ ತೆರೆದಾಗಲೆಲ್ಲ ಈ ಪವಾಡ. ಕಾಣಿಕೆ ಕೇಳುವ ಪೂಜಾರಿ ಮಾತ್ರ ಇಲ್ಲ.

ಮತ್ತೆ ಉಣ್ಣೆ ಕತ್ತರಿಸುವ ದಿನ ಬಂತು. ಅಷ್ಟರಲ್ಲಿ ಕನ್ನಡಕದ ಹಿಂದಿನ ಎಡಗಣ್ಣು ನೆಟ್ಟಗಾಗುತ್ತ ಬಂದಿತ್ತು. ಪಟ್ಟಿ ಬಿಚ್ಚಿ, ಕನ್ನಡಕ ತೊಟ್ಟು ಟಗರಿನೆದುರು ನಿಂತಿದ್ದ ಕಾಶವ್ವ ಒಮ್ಮೆಲೇ ಹಿಂದೆ ಜಿಗಿದಳು. “ಆಯಿ! ಟಗರಿನ ಮೂಗು ಹೊರಗ ಬಂದೈತಿ!”

“ಹುಟ್ಟಿದಾಗಿಂದ ಅದು ಹಂಗ ಐತಲ್ಲ, ಹುಚ್ಚಿ,” ಎಂದು ನಕ್ಕ ಹೊನ್ನವ್ವನಿಗೆ ತಟ್ಟನೆ ಹೊಳೆಯಿತು. ಗಿಳಿಯ ಕೊಕ್ಕಿನಂತೆ ಬಾಗಿದ ಆ ಮೂಗೇ ಮಾಡಗ್ಯಾಳದ ಕುರಿಯ ಹೆಮ್ಮೆ. ಮೊಮ್ಮಗಳು ಅದನ್ನು ಈವರೆಗೆ ಗೋಡೆಯ ಮೇಲಿನ ಚಿತ್ರದಂತೆ ಕಂಡಿದ್ದಳು. ಮುದುಕಿ ಅವಳ ಕೈಹಿಡಿದು ಮೂಗಿನ ಮೇಲಿಟ್ಟಳು.

“ಈ ಸಲ ಹಿಂಡಿನ ಸಲುವಾಗಿ ಬ್ಯಾಡ. ನಿನ್ನ ಸಲುವಾಗಿ ನೋಡವ್ವ.”

ನಾನು ಸಿದ್ಧಪಡಿಸಿದ್ದ ಭಾಷಣವನ್ನು ಜೇಬಿಗೆ ಸೇರಿಸಿದೆ. ಒಂದು ಕಣ್ಣು ಮುಚ್ಚಿ ಟಗರನ್ನು ನೋಡಿದೆ, ತೆರೆದು ನೋಡಿದೆ. ಟಗರೂ ತಲೆ ತಗ್ಗಿಸಿ ನನ್ನನ್ನು ನೋಡಿತು. ಅದೆಷ್ಟು ಹತ್ತಿರವಿದೆಯೆಂದು ನನ್ನೆರಡು ಕಣ್ಣುಗಳೂ ಒಮ್ಮತದಿಂದ ತಿಳಿಸಿದವು. ವಿನಯದಿಂದ ಹಿಂದೆ ಸರಿದೆ.