ಡಾಕ್ಟರಬಾಯಿ ಕಾರಿನ ಪಾಟಾ

ಬಿಗಿ ಮಾಡಬೇಕಾಗಿದ್ದ ನಾಲ್ಕು ಯು-ಬೋಲ್ಟುಗಳನ್ನು ನಾನು ಬಿಗಿ ಮಾಡಲಿಲ್ಲ. ಮಾಡಿದ್ದೇನೆಂದು ತಮ್ಮನಿಗೆ ಸುಳ್ಳು ಹೇಳಿದೆ. ಆ ಕಾರಿನ ಕೆಲಸ ನಮ್ಮ ಜೀವಮಾನದಲ್ಲೇ ಒಳ್ಳೆಯ ಕೆಲಸ. ಇವತ್ತಿಗೂ ನೆನೆದರೆ ಎದೆ ಉಬ್ಬುತ್ತದೆ. ಆದರೆ ಈ ಮಾತನ್ನು ಮೊದಲು ಹೇಳದೆ ಉಳಿದದ್ದನ್ನು ಹೇಳಿಕೊಳ್ಳುವ ಹಕ್ಕು ನನಗಿಲ್ಲ.

ಅದು 1953. ಸಿಂಧನೂರಿನಲ್ಲಿ ಮಸ್ಕಿ ರಸ್ತೆಗೆ ನಮ್ಮ ತಗಡಿನ ಶೆಡ್ಡು ಇತ್ತು. ನಾವು ಕಂಬಾರರು. ನಾನು ನಾಲ್ಕನೆಯವರೆಗೆ ಓದಿ, ರಾಯಚೂರಿನ ಗ್ಯಾರೇಜೊಂದರಲ್ಲಿ ಆರು ವರ್ಷ ಮೋಟಾರು ಕೆಲಸ ಕಲಿತು ಬಂದಿದ್ದೆ. ತಮ್ಮ ಮೌನೇಶ ಅಷ್ಟೂ ಓದಿದವನಲ್ಲ. ಅಪ್ಪನ ಕುಲುಮೆಯ ಮುಂದೆಯೇ ಬೆಳೆದವನು. ಕಬ್ಬಿಣ ಕಾದ ಬಣ್ಣ ನೋಡಿ ಹದ ಹೇಳುತ್ತಿದ್ದ. ಆ ವಿಷಯದಲ್ಲಿ ಯಾರನ್ನೂ ಒಂದು ಮಾತು ಕೇಳುತ್ತಿರಲಿಲ್ಲ. ಆಗ ಕಾಲುವೆ ತೋಡುವ ಕೆಲಸ ನಡೆದಿತ್ತು. ಲಾರಿ, ಜೀಪುಗಳ ಓಡಾಟ ಹೆಚ್ಚಿ ನಮಗೂ ಕೈತುಂಬ ಕೆಲಸವಿತ್ತು.

ಲಿಂಗಸುಗೂರಿನಲ್ಲಿ ಒಬ್ಬ ಹೆಣ್ಣುಮಗಳು ಡಾಕ್ಟರಿದ್ದರು. ಎಲ್ಲರೂ ಅವರನ್ನು ಡಾಕ್ಟರಬಾಯಿ ಎನ್ನುತ್ತಿದ್ದರು. ಹೆರಿಗೆ ಕಷ್ಟವಾದ ಹೆಂಗಸರನ್ನು ತಮ್ಮ ಹಳೆಯ ವಿಲಾಯಿತಿ ಕಾರಿನಲ್ಲೇ ದವಾಖಾನೆಗೆ ಸಾಗಿಸುತ್ತಿದ್ದರು. ಒಂದು ದಿನ ಆ ಕಾರು ನಮ್ಮ ಶೆಡ್ಡಿನ ಮುಂದೆ ಬಂದು ನಿಂತಿತು. ಡ್ರೈವರ್ ಬಾಬುಮಿಯಾ ಇಳಿಯುತ್ತಲೇ ಸೊಂಟ ಹಿಡಿದುಕೊಂಡ.

“ಉಸ್ತಾದ್, ಇದು ಮೋಟಾರ್ ಅಲ್ಲ, ರೊಟ್ಟಿ ಬಡಿಯೋ ಹಲಗಿ. ನಾವೇ ರೊಟ್ಟಿ!”

ಡಾಕ್ಟರಬಾಯಿ ನಗಲಿಲ್ಲ. “ಸಿಂಧನೂರಾಗ ಹತ್ತಿಸಿಕೊಂಡ ಬಾಣಂತಿ ಲಿಂಗಸುಗೂರು ಮುಟ್ಟೋದ್ರೊಳಗ ಅರ್ಧಜೀವ ಆಗಿರ್ತಾಳ. ಹೊಲಿಗಿ ಹಾಕಿದ್ದೂ ಬಿಚ್ಚತಾವ. ನಿಮಗ ಆಗೂದಿದ್ರ ಮಾಡ್ರಿ, ಇಲ್ಲಾಂದ್ರ ಇಲ್ಲ ಅನ್ರಿ,” ಎಂದರು.

ಕಾರಿನ ಹಿಂದಿನ ಅಚ್ಚಿನ ಮೇಲೆ ಎರಡೂ ಕಡೆ ಪಾಟಾ ಇರುತ್ತವೆ. ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗು ಅದು. ಈ ಕಾರಿನ ಪಾಟಾಗಳು ಸವೆದು ಚಪ್ಪಟೆಯಾಗಿದ್ದವು. ಯಾರೋ ಭಾರ ತಡೆಯಲೆಂದು ದಪ್ಪನೆಯ ಲಾರಿ ಪಟ್ಟಿ ಸೇರಿಸಿದ್ದರು. ಅದರಿಂದ ಕಾರು ಕಲ್ಲಿನಂತೆ ಗಟ್ಟಿಯಾಗಿತ್ತು. ಹೊಡೆತ ತಡೆಯುವ ಶಾಕ್ ಅಬ್ಸಾರ್ಬರುಗಳ ಎಣ್ಣೆ ಸೋರಿ ಒಣಗಿತ್ತು. ತಿರುವಿನಲ್ಲಿ ಕಾರು ಒಂದು ಮಗ್ಗುಲಿಗೆ ವಾಲುತ್ತಿತ್ತು.

ಇನ್ನೊಂದು ಪಟ್ಟಿ ಸೇರಿಸೋಣ ಎಂದೆ ನಾನು. ಮೌನೇಶ ಕಾರಿನ ಕೆಳಗಿಂದಲೇ ಹೇಳಿದ: “ಅಣ್ಣಾ, ನೀ ಕಾರು ಮಾಡಾಕತ್ತೀಯೋ, ಚಕ್ಕಡಿ ಮಾಡಾಕತ್ತೀಯೋ? ದಪ್ಪನ್ನ ತಗಿ. ತೆಳ್ಳನ್ನ ಪಟ್ಟಿ ಹೆಚ್ಚಿಗಿ ಹಾಕೂಣು. ಭಾರಾನೂ ಹೊರತಾವ, ಬಾಗಾನೂ ಬಾಗತಾವ.”

ಹಾಗೆಯೇ ಮಾಡಿದೆವು. ಐದು ದಪ್ಪ ಪಟ್ಟಿಗಳಿದ್ದ ಕಡೆ ಏಳು ತೆಳ್ಳನೆಯವು ಬಂದವು. ಒಂದೊಂದನ್ನೂ ಅವನು ತುದಿಯತ್ತ ಇನ್ನೂ ತೆಳ್ಳಗೆ ಬಡಿದು, ಕಾಸಿ, ಕುಸುಬಿ ಎಣ್ಣೆಯಲ್ಲಿ ತಣಿಸಿ, ಮತ್ತೆ ಮೆಲ್ಲಗೆ ಬಿಸಿ ಮಾಡಿ ಹದಕ್ಕೆ ತಂದ. ಎರಡೂ ಕಡೆ ಸೇರಿ ಹದಿನಾಲ್ಕು ಪಟ್ಟಿ, ಒಂಬತ್ತು ದಿನ.

ಶಾಕ್ ಅಬ್ಸಾರ್ಬರ್ ನನ್ನ ಪಾಲಿನ ಕೆಲಸ. ತೊಟ್ಟಿಲನ್ನು ಒಮ್ಮೆ ತೂಗಿದರೆ ಅದು ತೂಗುತ್ತಲೇ ಇರುತ್ತದೆ. ಕೈಯಿಟ್ಟು ಹಿಡಿದರೆ ನಿಲ್ಲುತ್ತದೆ. ಪಾಟಾ ತೊಟ್ಟಿಲಾದರೆ ಇದು ಆ ಕೈ. ರಾಯಚೂರಿನ ಗುಜರಿಯಲ್ಲಿ ಮಿಲಿಟರಿ ಗಾಡಿಯ ಕೊಳವೆ ಮಾದರಿಯ ಶಾಕ್ ಅಬ್ಸಾರ್ಬರುಗಳು ಸಿಕ್ಕವು. ವರ್ಷಗಟ್ಟಲೆ ಅಡ್ಡ ಮಲಗಿಸಿಟ್ಟಿದ್ದರಿಂದ ಒಳಗೆ ಗಾಳಿ ಸೇರಿತ್ತು. ಎಳೆದರೆ ಪಿಚಕಾರಿಯಂತೆ ಸರಕ್ಕನೆ ಬರುತ್ತಿದ್ದವು. ಕೆಟ್ಟಿವೆ ಎಂದು ಮೊದಲು ಎದೆ ಒಡೆದುಕೊಂಡೆ. ಆಮೇಲೆ ನೆಟ್ಟಗೆ ನಿಲ್ಲಿಸಿ ಹತ್ತಾರು ಸಲ ಮೇಲೆ ಕೆಳಗೆ ಎಳೆದಾಗ ಗಾಳಿ ಹೋಗಿ ಬಿಗಿ ಬಂತು. ಅವನ್ನು ಕೂಡಿಸಲು ಮೌನೇಶ ಹಿಡಿಕೆಗಳನ್ನು ಬಡಿದುಕೊಟ್ಟ. ಪಾಟಾದ ತುದಿಯ ತೂತುಗಳಲ್ಲಿ ಕೂರುವ ಬುಷ್‌ಗಳು ಸವೆದಿದ್ದವು, ಹೊಸವನ್ನು ಹಾಕಿದೆ.

ಪರೀಕ್ಷೆಗೆಂದು ಹಿಂದಿನ ಸೀಟಿನಲ್ಲಿ ನೀರು ತುಂಬಿದ ತಂಬಿಗೆ ಇಡಲು ಹೋದೆ. ಡಾಕ್ಟರಬಾಯಿ ಅದನ್ನು ತೆಗೆಸಿದರು. “ತಂಬಿಗಿಗೆ ಹೊಲಿಗಿ ಹಾಕಿರೂದಿಲ್ಲ. ನಾನ ಮಲಗತೀನಿ,” ಎಂದು ಸೀರೆ ಸರಿಮಾಡಿಕೊಂಡು ಸೀಟಿನ ಮೇಲೆ ಮಲಗಿಯೇಬಿಟ್ಟರು. ಹಾಗೆ ಮಲಗಿಕೊಂಡೇ ಮಸ್ಕಿಗೆ ಹೋಗಿ ಬಂದರು. ಇಳಿದಾಗ ಅವರ ಕಣ್ಣು ಕೆಂಪಾಗಿದ್ದವು. ಏನಾಯಿತೋ ಎಂದು ಗಾಬರಿಯಾದೆ.

ಬಾಬುಮಿಯಾ ಬಾಯಿತುಂಬ ನಕ್ಕ. “ಬಾಯಿಸಾಹೇಬರು ನಿದ್ದಿ ಹೊಡದ್ರು, ಉಸ್ತಾದ್! ಗೊರಕಿ ಸಹಿತ!”

ಅಂಥ ಹೊಗಳಿಕೆ ನನಗೆ ಮತ್ತೆ ಸಿಕ್ಕಿಲ್ಲ.

ಹೊಸ ಪಾಟಾ ಹಾಕಿದ ಮೇಲೆ ಒಂದು ಕೆಲಸ ಬಾಕಿ ಉಳಿಯುತ್ತದೆ. ಪಾಟಾವನ್ನು ಅಚ್ಚಿಗೆ ಬಿಗಿದು ಹಿಡಿಯುವ ಯು-ಬೋಲ್ಟುಗಳು ಎರಡು ಮೂರು ದಿನ ಗಾಡಿ ಓಡಿದ ಮೇಲೆ ಸ್ವಲ್ಪ ಸಡಿಲಾಗುತ್ತವೆ. ಗಾಡಿಯಲ್ಲಿ ಜನ ಕೂರಿಸಿ ಮತ್ತೆ ಬಿಗಿ ಮಾಡಬೇಕು, ಇಲ್ಲದಿದ್ದರೆ ಪಟ್ಟಿ ಅಲುಗಿ ಅಲುಗಿ ನಡುವೆ ಮುರಿಯುತ್ತದೆ. ಮೌನೇಶ ಇದನ್ನು ಮೂರು ಸಲ ಹೇಳಿ, ಹೆಂಡತಿಯ ಊರು ಬಳಗಾನೂರಿಗೆ ಹೋಗಿದ್ದ.

ಅದಕ್ಕೆಂದು ಬಾಬುಮಿಯಾ ಮತ್ತೆ ಕಾರು ತಂದ ದಿನ ಅಮಾವಾಸ್ಯೆ. ಅಮಾವಾಸ್ಯೆಗೆ ನಮ್ಮ ಮನೆತನದಲ್ಲಿ ಹತಾರ ಮುಟ್ಟುವುದಿಲ್ಲ. ಬೆಳಿಗ್ಗೆಯೇ ಸುತ್ತಿಗೆ, ಇಕ್ಕಳ, ಬೋಲ್ಟು ಬಿಗಿಯುವ ಪಾನಾಗಳನ್ನೆಲ್ಲ ತೊಳೆದು ವಿಭೂತಿ ಹಚ್ಚಿ ಪೂಜೆಗಿಟ್ಟಿದ್ದೆ. ನಾಳೆ ಬಾ ಎಂದಿದ್ದರೆ ಸಾಕಿತ್ತು. ಆದರೆ ಕಾರು ನೋಡಲು ಲಾರಿ ಮಾಲಕರು ಸುತ್ತ ನೆರೆದಿದ್ದರು. ಇಂಥ ಕೆಲಸ ಯಾರು ಮಾಡಿದ್ದೆಂದು ಕೇಳುತ್ತಿದ್ದರು. “ನಾನ,” ಎಂದಿದ್ದೆ. ಅವರ ಮುಂದೆ ಕೆಲಸ ಇನ್ನೂ ಬಾಕಿ ಇದೆ ಎನ್ನಲು ನಾಲಿಗೆ ಏಳಲಿಲ್ಲ. ಕೆಳಗೆ ಬಗ್ಗಿ ನೋಡಿದಂತೆ ಮಾಡಿ, “ಎಲ್ಲಾ ಬರೋಬ್ಬರಿ ಐತಿ, ಹೊಂಡು,” ಎಂದೆ. ಮರುದಿನ ಬಂದ ಮೌನೇಶ, “ಬಿಗಿ ಮಾಡ್ದೇನಣ್ಣಾ?” ಎಂದು ಕೇಳಿದ. “ಮಾಡೀನಿ,” ಎಂದೆ.

ಹತ್ತು ದಿನವಾಗಿರಬೇಕು. ಗೊರೇಬಾಳದ ಬಸುರಿಯೊಬ್ಬಳನ್ನು ಕರೆದೊಯ್ಯುವಾಗ ಮಸ್ಕಿಗೆ ಎರಡು ಮೈಲು ಈಚೆ ಎಡಗಡೆಯ ಪಾಟಾದ ಮೇಲಿನ ಪಟ್ಟಿ ನಟ್ಟನಡುವೆ ಮುರಿಯಿತು. ಅಚ್ಚು ಸೊಟ್ಟಾಗಿ ಕಾರು ಹೊಲದ ಬದುವಿಗೆ ಹೋಗಿ ನಿಂತಿತು. ಜೊತೆಗಿದ್ದ ಡಾಕ್ಟರಬಾಯಿ ಆಕೆಯನ್ನು ಚಕ್ಕಡಿಯಲ್ಲಿ ಮಸ್ಕಿಗೆ ಸಾಗಿಸಿ ಅಲ್ಲೇ ಹೆರಿಗೆ ಮಾಡಿಸಿದರು. ತಾಯಿ, ಮಗು ಇಬ್ಬರೂ ಉಳಿದರು. ಅದು ಡಾಕ್ಟರಬಾಯಿಯ ಕೈಗುಣ.

ಸುದ್ದಿ ತಿಳಿದು ನಾನೂ ಮೌನೇಶನೂ ಕಾರು ನಿಂತಲ್ಲಿಗೆ ಹೋದೆವು; ಡಾಕ್ಟರಬಾಯಿಯೂ ಮಸ್ಕಿಯಿಂದ ಮರಳಿ ಬಂದಿದ್ದರು. ಬೋಲ್ಟು ಬಿಚ್ಚಿದೆ. ಪಟ್ಟಿ ಅಚ್ಚಿಗೆ ಕೂಡುವ ಜಾಗ ಉಜ್ಜಿ ಉಜ್ಜಿ ಬೆಳ್ಳಿಯಂತೆ ಹೊಳೆಯುತ್ತಿತ್ತು. ಸಡಿಲ ಬೋಲ್ಟಿನ ಗುರುತು ಅದು. ಯಾರೂ ನೋಡುವ ಮೊದಲೇ ಗ್ರೀಸ್ ಬಳಿದೆ.

“ಕಾಸೋದ್ರಾಗ ಏನರ ಹೆಚ್ಚುಕಮ್ಮಿ ಆಗೈತೇನು?” ಎಂದು ಡಾಕ್ಟರಬಾಯಿ ಕೇಳಿದರು.

“ಇರಬಹುದ್ರೀ,” ಎಂದೆ.

ಮೌನೇಶ ಮುರಿದ ತುಂಡನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. “ಹದಾ ತಪ್ಪೇತಿ ಅಂದ್ರ ನಂದ ತಪ್ಪ್ರೀ, ಬಾಯಿಯವರ,” ಎಂದ.

ಹೊಸ ಪಟ್ಟಿಯನ್ನು ಅವನು ಮಾಡಲೊಪ್ಪಲಿಲ್ಲ. ಅದೊಂದನ್ನು ರಾಯಚೂರಿನಿಂದ ತರಿಸಿ ಹಾಕಿದೆ. ಈ ಸಲ ಬೋಲ್ಟುಗಳನ್ನು ಎರಡು ಸಲ ಬಿಗಿ ಮಾಡಿದೆ. ಕಾರು ಮೂರು ವರ್ಷ ತಕರಾರಿಲ್ಲದೆ ಓಡಿತು. ನನ್ನ ಹೆಸರು ಲಿಂಗಸುಗೂರಿನವರೆಗೂ ಹರಡಿತು. ಎಷ್ಟೋ ಗಾಡಿಗಳು ಅದೇ ಕೆಲಸಕ್ಕೆ ಬಂದವು. ಪಾಟಾ ಕೆಲಸ ಎಂದರೆ ಮೌನೇಶ, “ಅದಕ್ಕ ನನ್ನ ಕರೀಬ್ಯಾಡಣ್ಣಾ,” ಎಂದು ನೇಗಿಲ ಕುಳದ ಕಡೆ ತಿರುಗಿಬಿಡುತ್ತಿದ್ದ. ಒಂದು ದಿನ ಬರೀ ಒಂದು ಕುಡುಗೋಲನ್ನು ಕುಲುಮೆಯಿಂದ ತೆಗೆದು ನನ್ನತ್ತ ಹಿಡಿದ. “ಹದಾ ಬಂದೈತೇನು ನೋಡಣ್ಣಾ. ನನಗ ತಿಳೀವಲ್ದು,” ಎಂದ.

1956ರಲ್ಲಿ ಡಾಕ್ಟರಬಾಯಿಗೆ ವರ್ಗವಾಯಿತು. ದೂರದ ದಾರಿ, ಹೊರಡುವ ಮುಂಚೆ ಒಮ್ಮೆ ನೋಡಿಬಿಡಿ ಎಂದು ಕಾರು ತಂದರು. ಎಡಗಡೆಯ ಪಾಟಾವನ್ನು ಬಿಚ್ಚಿ ಅಂಗಳದಲ್ಲಿ ಹರವಿದೆ. ಮೌನೇಶನ ಆರು ಪಟ್ಟಿಗಳೂ ಒಂದು ಕೂದಲಷ್ಟು ಬಿರುಕಿಲ್ಲದೆ ಇದ್ದವು. ಒಂದನ್ನು ಎತ್ತಿ ಕಲ್ಲಿಗೆ ಬಡಿದೆ. ಗಂಟೆಯಂತೆ ಮೊಳಗಿತು. ಅಂಥ ಉಕ್ಕನ್ನು ಆಮೇಲೆ ಯಾವ ದೊಡ್ಡ ಕಾರ್ಖಾನೆಯ ಪಾಟಾದಲ್ಲೂ ನಾನು ಕಂಡಿಲ್ಲ.

ಕೈಕೆಲಸ ನನಗೆ ಕಲಿಸಿದ್ದು ಇಷ್ಟೇ: ಮುರಿದದ್ದನ್ನು ಬಿಚ್ಚಿದಾಗ ಅದು ನಿಜವನ್ನೇ ತೋರಿಸುತ್ತದೆ. ಅದರ ಮೇಲೆ ಗ್ರೀಸ್ ಬಳಿಯುವವನು ಮಿಸ್ತ್ರಿಯಲ್ಲ.

ಡಾಕ್ಟರಬಾಯಿ ಬಗ್ಗಿ ನೋಡುತ್ತಿದ್ದರು. “ಇವೆಲ್ಲಾ ಹಿಂಗ ಗಟ್ಟಿ ಅದಾವಲ್ಲ, ಆವತ್ತು ಅದೊಂದ ಯಾಕ ಮುರೀತು?” ಎಂದರು.

ಮೌನೇಶ ಕುಲುಮೆಯ ಬಳಿ ಕುಳಿತು ತಿದಿ ಒತ್ತುತ್ತಿದ್ದ. ನಾನು ಎದ್ದು ಅವನ ಮುಂದೆ ಹೋಗಿ ನಿಂತೆ. ಬಾಬುಮಿಯಾ, ಡಾಕ್ಟರಬಾಯಿ ಇಬ್ಬರಿಗೂ ಕೇಳುವಂತೆ ಹೇಳಿದೆ:

“ತಮ್ಮಾ, ನಿನ್ನ ಹದಾ ತಪ್ಪಿದ್ದಿಲ್ಲ. ಆ ಬೋಲ್ಟು ನಾ ಬಿಗಿ ಮಾಡಿದ್ದಿಲ್ಲ. ಗೊತ್ತಿದ್ದೂ ನಿನ್ನ ಮ್ಯಾಲೆ ಹಾಕೀನಿ. ಹಿರಿಯಣ್ಣ ಅಂತ ನೋಡಬ್ಯಾಡ, ತಪ್ಪಾತು ನಂದು, ಹೊಟ್ಟ್ಯಾಗ ಹಾಕ್ಕೋ.”